ಹಳೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ವೇಗದ ಸೆನ್ಸರ್ ಕೂರಿಸಿದ ಬಗೆ

ಬೈಕಂಪಾಡಿಯ ನಮ್ಮ ಗ್ಯಾರೇಜಿನಲ್ಲಿ ಹಳೆಯ ಜಪಾನಿ ಕಾರೊಂದರ ಕಾರ್ಬುರೇಟರ್ ಎಂಜಿನ್ ತೆಗೆದು, ಆರ್‌ಟಿಓ ಅನುಮತಿ ಪಡೆದು, ಅದೇ ಕಂಪನಿಯ ಇಂಜೆಕ್ಷನ್ ಎಂಜಿನ್ನನ್ನು ಇಸಿಯು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಸಹಿತ ಕೂರಿಸಿದೆವು. ಗೇರ್‌ಬಾಕ್ಸ್ ಮಾತ್ರ ಮೊದಲಿನದೇ: ಎಣ್ಣೆಯ ಒತ್ತಡದಿಂದಲೇ ಗೇರು ಬದಲಿಸುವ, ವೇಗ ತಿಳಿಸಲು ಮೀಟರ್ ಕೇಬಲ್ ಬಿಟ್ಟು ಬೇರೇನೂ ಇಲ್ಲದ ಆಟೊಮ್ಯಾಟಿಕ್. ಕಾರು ಓಡುತ್ತಿದೆಯೋ ನಿಂತಿದೆಯೋ ಎಂಬುದು ಇಸಿಯುಗೆ ತಿಳಿಯದಿದ್ದರೆ, ಆಕ್ಸಿಲರೇಟರ್ ಬಿಟ್ಟು ನಿಧಾನಿಸುವಾಗ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ತಪ್ಪುತ್ತದೆ. ಕೆಲವೊಮ್ಮೆ ಸರ್ಕಲ್ಲಿನ ನಡುವೆಯೇ ಎಂಜಿನ್ ಆರುತ್ತದೆ.

ಔಟ್‌ಪುಟ್ ಶಾಫ್ಟಿಗೆ ಹಲ್ಲಿನ ಉಂಗುರ ಹಾಕಿ, ಹಿಂಬದಿಯ ಹೌಸಿಂಗ್ ಕೊರೆದು ಸೆನ್ಸರ್ ಕೂರಿಸುವುದು ಹಲವರು ಅನುಸರಿಸುವ ದಾರಿ. ಅದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ಗಡಸು ಮಾಡಿದ ಶಾಫ್ಟಿಗೆ ವೆಲ್ಡಿಂಗ್ ಶಾಖ ತಾಗಿದರೆ ಅದರ ಗಡಸುತನ ಹೋಗುತ್ತದೆ, ಕೊರೆದ ಅಲ್ಯೂಮಿನಿಯಂ ಚೂರು ಎಣ್ಣೆಯ ಹರಿವನ್ನು ನಿಯಂತ್ರಿಸುವ ವಾಲ್ವ್ ಬಾಡಿಗೆ ಸೇರಿದರೆ ವಾಲ್ವ್ ಸಿಕ್ಕಿಕೊಳ್ಳುತ್ತದೆ. ಮೇಲಾಗಿ, ಲೆಕ್ಕ ಹಾಕಿ ನೋಡಿದರೆ ಆ ಶ್ರಮವೇ ಬೇಕಿರಲಿಲ್ಲ. ಜಪಾನಿ ವಾಹನಗಳ ಮೀಟರ್ ಕೇಬಲ್ ಕಿಲೋಮೀಟರಿಗೆ 637 ಸುತ್ತು ತಿರುಗುತ್ತದೆ. ಸೆನ್ಸರ್ ಸುತ್ತಿಗೆ ನಾಲ್ಕು ಪಲ್ಸ್ (ವಿದ್ಯುತ್ ಮಿಡಿತ) ಕೊಟ್ಟರೆ ಕಿಲೋಮೀಟರಿಗೆ 2548 ಆಗುತ್ತದೆ, ನಮ್ಮ ಇಸಿಯು ನಿರೀಕ್ಷಿಸುವುದೂ ಅದನ್ನೇ. ಮೈಲಿಗೆ 1000 ಸುತ್ತಿನ, ಎಂದರೆ ಕಿಲೋಮೀಟರಿಗೆ ಸುಮಾರು 621 ಸುತ್ತಿನ ಅಮೆರಿಕನ್ ಗೇರ್‌ಬಾಕ್ಸ್ ಆಗಿದ್ದರೆ ಶೇಕಡಾ ಎರಡೂವರೆಯಷ್ಟು ವ್ಯತ್ಯಾಸ ಬರುತ್ತಿತ್ತು.

ಆದ್ದರಿಂದ ಕೇಬಲ್ ಕೂರುವ ಜಾಗದಲ್ಲೇ, ಸ್ಪೀಡೋಮೀಟರ್ ಗೇರಿನ ಹೌಸಿಂಗಿಗೂ ಕೇಬಲ್ಲಿನ ನಟ್ಟಿಗೂ ನಡುವೆ ಒಂದು ಗಿಡ್ಡ ಕೊಳವೆ ಸೇರಿಸಿದೆ. ಕೊಳವೆಯೊಳಗಿನ ಇಎನ್8 ಉಕ್ಕಿನ ಶಾಫ್ಟ್ ಒಂದು ತುದಿಯಲ್ಲಿ ಗೇರನ್ನು ಹಿಡಿದು, ಇನ್ನೊಂದು ತುದಿಯಲ್ಲಿ ಕೇಬಲ್ಲನ್ನು ತಿರುಗಿಸುವುದರಿಂದ ಡ್ಯಾಶ್‌ಬೋರ್ಡಿನ ಹಳೆಯ ಮುಳ್ಳೂ ಮೊದಲಿನಂತೆಯೇ ಕೆಲಸ ಮಾಡುತ್ತದೆ. ಲೇತ್‌ನವರು ಕೊಳವೆಗೆ ಹಿತ್ತಾಳೆ ಸುಲಭವೆಂದರು. ಆದರೆ ಕಡಲ ಉಪ್ಪುಗಾಳಿ ಆಡುವ ಈ ಊರಿನಲ್ಲಿ ಅಲ್ಯೂಮಿನಿಯಂ ಹೌಸಿಂಗಿಗೆ ಹಿತ್ತಾಳೆ ತಾಗಿಸಿದರೆ ಅಲ್ಯೂಮಿನಿಯಂ ಬೇಗನೆ ಸವೆಯುತ್ತದೆಂದು ಕೊಳವೆಯನ್ನೂ ಅಲ್ಯೂಮಿನಿಯಂನಲ್ಲೇ ಮಾಡಿಸಿದೆ. ಎಣ್ಣೆ ಕೇಬಲ್ಲಿನ ಮೂಲಕ ಮೀಟರಿನವರೆಗೆ ಏರದಂತೆ ಶಾಫ್ಟಿಗೆ ಸಣ್ಣ ಆಯಿಲ್ ಸೀಲ್, ಕೊಳವೆಯ ಬುಡಕ್ಕೆ ಓ-ರಿಂಗ್ ಹಾಕಿದ್ದಾಯಿತು.

ಶಾಫ್ಟಿನ ಜೊತೆ ತಿರುಗುವ ಆಯಸ್ಕಾಂತ ಎದುರಿಗೆ ಬಂದಾಗಲೆಲ್ಲ ಅದನ್ನು ಗುರುತಿಸಿ ಪಲ್ಸ್ ಕೊಡುವುದು ಹಾಲ್ ಸೆನ್ಸರ್. ಹೆಚ್ಚು ಯೋಚಿಸಬೇಕಾದದ್ದು ಈ ಆಯಸ್ಕಾಂತದ ವಿಷಯದಲ್ಲಿ. ಗೇರ್‌ಬಾಕ್ಸಿನ ಎಣ್ಣೆ 80ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯೇರುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಆಯಸ್ಕಾಂತ 80 ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಹಾಗಾಗಿ ದುಬಾರಿಯಾದರೂ ಸಮೇರಿಯಂ ಕೋಬಾಲ್ಟ್‌ನ ನಾಲ್ಕು ತುಂಡುಗಳನ್ನು, ಎಲ್ಲದರ ಒಂದೇ ಧ್ರುವ ಹೊರಮುಖವಾಗುವಂತೆ, ಶಾಫ್ಟಿನ ಬಿಲ್ಲೆಯೊಳಗೆ ಕೂರಿಸಿದೆ. ಹಾಲ್ ಸೆನ್ಸರ್ ಕೊಳ್ಳುವಾಗ ಲ್ಯಾಚ್ ಬಗೆಯದನ್ನು ಬಿಟ್ಟು ಸ್ವಿಚ್ ಬಗೆಯದನ್ನೇ ಕೇಳಿ ತರಬೇಕು, ಏಕೆಂದರೆ ಒಂದೇ ಧ್ರುವವನ್ನು ಮತ್ತೆ ಮತ್ತೆ ಕಂಡರೆ ಲ್ಯಾಚ್ ಒಮ್ಮೆ ಆನ್ ಆಗಿ ಹಾಗೆಯೇ ಉಳಿಯುತ್ತದೆ. ಸುರುಳಿ ಸುತ್ತಿದ ಎರಡು ತಂತಿಯ ಸೆನ್ಸರ್ ಅಗ್ಗವಾದರೂ ಇಲ್ಲಿ ನಡೆಯದು: ಗಂಟೆಗೆ 60 ಕಿಲೋಮೀಟರ್ ವೇಗದಲ್ಲೇ ಸೆಕೆಂಡಿಗೆ ಸಿಗುವುದು ಸುಮಾರು 42 ಪಲ್ಸ್, 5 ಕಿಲೋಮೀಟರಿನಲ್ಲಿ ಮೂರೂವರೆ ಮಾತ್ರ, ಇಷ್ಟು ನಿಧಾನಕ್ಕೆ ಅದರಿಂದ ಬರುವ ವೋಲ್ಟೇಜ್ ಯಾವುದಕ್ಕೂ ಸಾಲದು.

ವೈರಿಂಗ್ ಸರಳ. ಹಾಲ್ ಸೆನ್ಸರ್ ಸಿಗ್ನಲ್ ತಂತಿಯನ್ನು ಅರ್ತ್‌ಗೆ ಎಳೆಯುತ್ತದಷ್ಟೆ, ತಾನಾಗಿ ವೋಲ್ಟೇಜ್ ಕೊಡುವುದಿಲ್ಲ. ನಮ್ಮ ಇಸಿಯು ಒಳಗಿನಿಂದಲೇ ಆ ವೋಲ್ಟೇಜ್ ಒದಗಿಸುತ್ತಿದ್ದುದರಿಂದ ಹೊರಗೆ ರೆಸಿಸ್ಟರ್ ಬೇಕಾಗಲಿಲ್ಲ. ಕನೆಕ್ಟರನ್ನು ಮಾತ್ರ ರಬ್ಬರ್ ಸೀಲಿನದನ್ನೇ ಹಾಕಿ, ಬಾಯಿ ಕೆಳಮುಖವಾಗಿಸಿದೆ. ಆಷಾಢದಲ್ಲಿ ನಮ್ಮ ರಸ್ತೆಗಳ ನೀರು ಗೇರ್‌ಬಾಕ್ಸಿನ ಮಟ್ಟಕ್ಕೆ ಬರುವುದೇನೂ ಅಪರೂಪವಲ್ಲ.

ಪ್ರೊಪೆಲರ್ ಶಾಫ್ಟನ್ನು ಕೈಯಿಂದ ತಿರುಗಿಸಿ ಪಲ್ಸ್ ಬರುವುದನ್ನು ಮಲ್ಟಿಮೀಟರಿನಲ್ಲಿ ಖಚಿತಪಡಿಸಿಕೊಂಡ ಬಳಿಕ, ಸುರತ್ಕಲ್‌ನಿಂದ ಮೂಲ್ಕಿಯತ್ತ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡಿಸಿ, ಸ್ಕ್ಯಾನರ್ ತೋರಿಸುವ ವೇಗವನ್ನು ಮೊಬೈಲಿನ ಜಿಪಿಎಸ್ ಜೊತೆ ತಾಳೆ ನೋಡಿದೆವು. ಟೈರು ಕಂಪನಿಯ ಅಳತೆಯದೇ ಆಗಿದ್ದುದರಿಂದ ಎರಡೂ ಹೊಂದಿದವು. ದೊಡ್ಡ ಟೈರು ಹಾಕಿದವರು ಸೆನ್ಸರನ್ನು ತಿದ್ದಲು ಹೋಗದೆ, ಹೌಸಿಂಗಿನೊಳಗಿನ ಪ್ಲಾಸ್ಟಿಕ್ ಗೇರನ್ನು ಹಲ್ಲು ಕಡಿಮೆಯಿರುವುದಕ್ಕೆ ಬದಲಿಸಿದರೆ ಮುಳ್ಳು, ಇಸಿಯು ಎರಡೂ ಒಟ್ಟಿಗೇ ಸರಿಹೋಗುತ್ತವೆ.