ವಿದೇಶ ಪ್ರವಾಸಕ್ಕೆ ಇ-ಸಿಮ್: ವಿಮಾನ ಹತ್ತುವ ಮೊದಲೇ ಮುಗಿಸಬೇಕಾದ ಕೆಲಸ

ಇ-ಸಿಮ್ ಕೊಳ್ಳುವುದು ಐದು ನಿಮಿಷದ ಕೆಲಸ. ಆ್ಯಪ್ ತೆರೆದು ಹೋಗಬೇಕಾದ ದೇಶ ಆರಿಸಿ ಕಾರ್ಡಿನಿಂದ ಹಣ ಕಟ್ಟಿದರೆ ಇ-ಮೇಲ್‌ಗೆ ಒಂದು ಕ್ಯೂಆರ್ ಕೋಡ್ ಬಂದುಬಿಡುತ್ತದೆ. ತಾಪತ್ರಯ ಶುರುವಾಗುವುದು ಆಮೇಲೆ. ವಿಮಾನ ಇಳಿದರೂ ನೆಟ್ ಬರಲಿಲ್ಲ, ಬ್ಯಾಂಕಿನ ಓಟಿಪಿ ಸಿಗಲಿಲ್ಲ, ಇ-ಸಿಮ್ ಹಾಕಿಕೊಂಡಿದ್ದರೂ ರೋಮಿಂಗ್ ಬಿಲ್ ಬಂತು ಎನ್ನುವ ದೂರುಗಳು ಬಹಳ. ಇವುಗಳಲ್ಲಿ ಹೆಚ್ಚಿನವಕ್ಕೆ ಕೊಂಡ ಪ್ಲಾನ್ ಕಾರಣವಲ್ಲ. ಫೋನಿನಲ್ಲಿರುವ ಎರಡು ಸಿಮ್‌ಗಳಲ್ಲಿ ಯಾವುದು ಯಾವ ಕೆಲಸ ಮಾಡಬೇಕು ಎಂದು ಯಾರೂ ಫೋನಿಗೆ ತಿಳಿಸಿರುವುದಿಲ್ಲ, ಅಷ್ಟೆ. ಊರಿನ ಸಿಮ್ ಕರೆ ಮತ್ತು ಎಸ್‌ಎಂಎಸ್‌ಗೆ, ಪ್ರವಾಸದ ಸಿಮ್ ಇಂಟರ್‌ನೆಟ್‌ಗೆ. ಈ ಹಂಚಿಕೆಯನ್ನು ಮನೆಯ ವೈಫೈ ಇರುವಾಗಲೇ ಸಮಾಧಾನವಾಗಿ ಕೂತು ಮಾಡಿಕೊಳ್ಳಬೇಕು.

ಇ-ಸಿಮ್ ಎಂದರೆ ಫೋನಿನ ಬೋರ್ಡಿಗೇ ಬೆಸೆದಿರುವ ಪುಟ್ಟ ಚಿಪ್. ಪ್ಲಾಸ್ಟಿಕ್ ಸಿಮ್‌ನಲ್ಲಿ ಮೊದಲೇ ತುಂಬಿ ಬರುವ ಕಂಪನಿಯ ವಿವರ, ಗುಪ್ತ ಕೀಲಿ ಇತ್ಯಾದಿಗಳನ್ನು ಇಲ್ಲಿ ನೆಟ್ ಮೂಲಕ ಇಳಿಸಿಕೊಳ್ಳುತ್ತೇವೆ. ಹೀಗೆ ಇಳಿದುಬರುವುದಕ್ಕೆ ಪ್ರೊಫೈಲ್ ಎಂದು ಹೆಸರು. ಒಂದೇ ಚಿಪ್‌ನಲ್ಲಿ ಹಲವು ಪ್ರೊಫೈಲ್ ಇಟ್ಟುಕೊಳ್ಳಬಹುದು. ಆದರೆ ಒಂದೇ ಹೊತ್ತಿಗೆ ಚಾಲೂ ಇರುವುದು ಒಂದೋ ಎರಡೋ. ಮೊಬೈಲ್ ಕಂಪನಿಗಳ ಜಾಗತಿಕ ಒಕ್ಕೂಟವಾದ ಜಿಎಸ್‌ಎಂಎ ಇದಕ್ಕೆ ಸಮಾನ ನಿಯಮಾವಳಿ ರೂಪಿಸಿರುವುದರಿಂದ, ಎಲ್ಲಿಯ ಪ್ರೊಫೈಲ್ ಆದರೂ ಇಳಿಸುವ ವಿಧಾನ ಹೆಚ್ಚುಕಡಿಮೆ ಒಂದೇ.

ಮೊದಲು ಫೋನ್ ನೋಡಿಕೊಳ್ಳಿ

ಡಯಲ್ ಪ್ಯಾಡ್‌ನಲ್ಲಿ *#06# ಒತ್ತಿ. ಐಎಂಇಐ ಎಂಬ ಫೋನಿನ ಗುರುತಿನ ಸಂಖ್ಯೆಗಳ ಜೊತೆಗೆ ‘ಇಐಡಿ’ ಎಂಬ 32 ಅಂಕಿಗಳ ಸಂಖ್ಯೆಯೂ ಕಾಣಿಸಿದರೆ ಫೋನಿನಲ್ಲಿ ಇ-ಸಿಮ್ ಚಿಪ್ ಇದೆ ಎಂದರ್ಥ. ಫೋನ್‌ಗಳ ಪೈಕಿ ಇದು ಮೊದಲು ಬಂದದ್ದು 2017ರ ಗೂಗಲ್ ಪಿಕ್ಸೆಲ್ 2ರಲ್ಲಿ. ಐಫೋನ್‌ಗೆ ಬಂದದ್ದು 2018ರಲ್ಲಿ, ಎಕ್ಸ್‌ಎಸ್ ಮತ್ತು ಎಕ್ಸ್‌ಆರ್ ಮಾದರಿಗಳೊಂದಿಗೆ. ಹಾಗೆಂದು ಮಾದರಿಯ ಹೆಸರನ್ನಷ್ಟೇ ನಂಬಬೇಡಿ. ಒಂದೇ ಹೆಸರಿನ ಫೋನ್ ಒಂದು ದೇಶದಲ್ಲಿ ಇ-ಸಿಮ್ ಸಹಿತ, ಇನ್ನೊಂದರಲ್ಲಿ ರಹಿತ ಮಾರಾಟವಾಗುತ್ತದೆ. ಚೀನಾದ ಮಾರುಕಟ್ಟೆಗೆಂದು ತಯಾರಾದ ಹಲವು ಐಫೋನ್‌ಗಳಲ್ಲಿ ಎರಡು ಪ್ಲಾಸ್ಟಿಕ್ ಸಿಮ್‌ಗೆ ಜಾಗವಿದೆ, ಇ-ಸಿಮ್ ಇಲ್ಲ. ಅದೇ ಅಮೆರಿಕದಲ್ಲಿ 2022ರ ಐಫೋನ್ 14ರಿಂದ ಸಿಮ್ ಟ್ರೇ ಎಂಬುದೇ ಇಲ್ಲ.

ಎರಡನೆಯದು ಲಾಕ್. ಕಂತಿನಲ್ಲಿ ಅಥವಾ ಯಾವುದಾದರೂ ಮೊಬೈಲ್ ಕಂಪನಿಯ ಒಪ್ಪಂದದಡಿ ಕೊಂಡ ಫೋನ್ ಆ ಕಂಪನಿಯ ಸಿಮ್‌ಗೆ ಮಾತ್ರ ಬೀಗ ಹಾಕಿಕೊಂಡಿರಬಹುದು. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಎಂದು ಸಾಗಿ ಕೆಳಗಿಳಿದರೆ ‘ಕ್ಯಾರಿಯರ್ ಲಾಕ್’ ಅಥವಾ ‘ನೆಟ್‌ವರ್ಕ್ ಪ್ರೊವೈಡರ್ ಲಾಕ್’ ಎಂಬ ಸಾಲು ಸಿಗುತ್ತದೆ. ಅದರ ಎದುರು ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಅಡ್ಡಿಯಿಲ್ಲ. ಆಂಡ್ರಾಯ್ಡ್‌ನಲ್ಲಿ ಬೇರೆ ಕಂಪನಿಯ ಸಿಮ್ ಹಾಕಿ ನೋಡುವುದೇ ಸುಲಭ.

ಮೂರನೆಯದನ್ನು ಗಮನಿಸುವವರು ಕಡಿಮೆ, ಆದರೆ ಪರದೇಶದಲ್ಲಿ ಕೈಕೊಡುವುದು ಅದೇ. ನಿಮ್ಮ ಊರಿನ ನಂಬರ್ ಈಗಾಗಲೇ ಇ-ಸಿಮ್ ರೂಪದಲ್ಲಿದೆಯೇ? ಐಫೋನ್ 13 ಮತ್ತು ನಂತರದ ಮಾದರಿಗಳು ಎರಡು ಇ-ಸಿಮ್‌ಗಳನ್ನು ಒಟ್ಟಿಗೆ ನಡೆಸುತ್ತವೆ. ಅದಕ್ಕಿಂತ ಹಳೆಯ ಐಫೋನ್‌ಗಳಲ್ಲಿ ಒಂದು ಪ್ಲಾಸ್ಟಿಕ್, ಒಂದು ಇ-ಸಿಮ್ ಮಾತ್ರ ಒಟ್ಟಿಗೆ ನಡೆಯುತ್ತವೆ. ಎರಡೂ ಇ-ಸಿಮ್ ಆದರೆ ಒಂದನ್ನು ಚಾಲೂ ಮಾಡಿದ ಕೂಡಲೇ ಇನ್ನೊಂದು ಮಲಗುತ್ತದೆ, ಓಟಿಪಿಯೂ ಅದರ ಜೊತೆಗೇ ಹೋಗುತ್ತದೆ. ಹಳೆಯ ಫೋನ್ ಇದ್ದವರು ಹೊರಡುವ ಮೊದಲು ಊರಿನ ನಂಬರನ್ನು ಪ್ಲಾಸ್ಟಿಕ್ ಸಿಮ್‌ಗೆ ಮರಳಿಸಿಕೊಳ್ಳುವುದು ಕ್ಷೇಮ.

ಪ್ಲಾನ್ ಆರಿಸುವಾಗ

ಇಲ್ಲಿ ಬೆಲೆಗಿಂತ ಮೊದಲು ಓದಬೇಕಾದದ್ದು ದೇಶಗಳ ಪಟ್ಟಿ. ‘ಯುರೋಪ್’ ಎಂಬ ಹೆಸರು ನೋಡಿ ಕೊಳ್ಳುವವರು ಸ್ವಿಟ್ಜರ್ಲೆಂಡ್ ಎಲ್ಲಿ ಎಂದು ಹುಡುಕಲೇಬೇಕು. ಐರೋಪ್ಯ ಒಕ್ಕೂಟದೊಳಗೆ 2017ರ ಜೂನ್ 15ರಿಂದ ಹೆಚ್ಚುವರಿ ರೋಮಿಂಗ್ ಶುಲ್ಕವಿಲ್ಲ. ಅದಕ್ಕೇ ಅಲ್ಲಿನ ಒಂದು ದೇಶದ ಸಿಮ್ ಉಳಿದ ದೇಶಗಳಲ್ಲೂ ನಡೆಯುತ್ತದೆ. ಆದರೆ ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ, ಬ್ರಿಟನ್ ಹೊರಬಂದಿದೆ. ಕೆಲವು ಪ್ಲಾನ್‌ಗಳು ಈ ಎರಡನ್ನೂ ಸೇರಿಸಿಕೊಂಡಿರುತ್ತವೆ, ಕೆಲವು ಬಿಟ್ಟಿರುತ್ತವೆ. ರೈಲು ಗಡಿ ದಾಟುತ್ತಿದ್ದಂತೆ ಮ್ಯಾಪ್ ನಿಂತುಹೋಗುವುದು ಹೀಗೆ.

ಎಷ್ಟು ಡೇಟಾ ಬೇಕು? ಲೆಕ್ಕ ಕಷ್ಟದ್ದಲ್ಲ. 8 ಮೆಗಾಬಿಟ್ ಸೇರಿದರೆ 1 ಎಂಬಿ, ಹಾಗಾಗಿ ಸೆಕೆಂಡಿಗೆ 1 ಮೆಗಾಬಿಟ್ ಎಳೆಯುವ ವಿಡಿಯೊ ಗಂಟೆಗೆ 450 ಎಂಬಿ ಖರ್ಚು ಮಾಡುತ್ತದೆ. 5 ಮೆಗಾಬಿಟ್‌ನ ಎಚ್‌ಡಿ ವಿಡಿಯೊಗೆ ಅದು 2.25 ಜಿಬಿ. ಅಂದರೆ 3 ಜಿಬಿ ಪ್ಲಾನ್ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಖಾಲಿ. ಮ್ಯಾಪ್, ಚಾಟ್, ಅನುವಾದ, ಟ್ಯಾಕ್ಸಿ ಆ್ಯಪ್‌ಗಳು ಮುಟ್ಟುವುದು ಇದರ ಸಣ್ಣ ಪಾಲನ್ನಷ್ಟೇ. ವಿಡಿಯೊವನ್ನು ಹೋಟೆಲಿನ ವೈಫೈಗೆ ಬಿಡಬಲ್ಲಿರಾದರೆ ಚಿಕ್ಕ ಪ್ಲಾನ್ ಸಾಕು.

‘ಅನ್‌ಲಿಮಿಟೆಡ್’ ಎಂದಿದ್ದರೆ ಅದರ ಕೆಳಗಿನ ಸಣ್ಣ ಅಕ್ಷರ ಓದಿ. ದಿನಕ್ಕೆ ಇಂತಿಷ್ಟು ಜಿಬಿ ಮುಗಿದ ಮೇಲೆ ವೇಗ ಇಳಿಸುವ ಷರತ್ತು ಬಹಳಷ್ಟು ಕಡೆ ಇರುತ್ತದೆ. ಇಳಿದ ವೇಗ ಎಷ್ಟು ಎಂದು ಬರೆಯದ ಪ್ಲಾನನ್ನು ನಾನಂತೂ ಕೊಳ್ಳಲು ಹೇಳುವುದಿಲ್ಲ. ಹಾಟ್‌ಸ್ಪಾಟ್‌ಗೆ ಅನುಮತಿ ಇದೆಯೇ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಒಯ್ಯುವವರಿಗೆ, ಒಂದೇ ಪ್ಲಾನ್‌ನಲ್ಲಿ ಮನೆಮಂದಿಯೆಲ್ಲ ನಿಭಾಯಿಸುವವರಿಗೆ ಅದು ಮುಖ್ಯ. ಮತ್ತೆ, ಇಂಥ ಪ್ಲಾನ್‌ಗಳಲ್ಲಿ ಹೆಚ್ಚಿನವು ಡೇಟಾ ಮಾತ್ರ ಕೊಡುತ್ತವೆ. ಸ್ಥಳೀಯ ನಂಬರ್ ಸಿಗುವುದಿಲ್ಲ, ಸಾಮಾನ್ಯ ಕರೆ ಮಾಡಲಾಗುವುದಿಲ್ಲ. ಅಲ್ಲಿನ ನಂಬರ್ ಬೇಕೇ ಬೇಕು ಎನ್ನುವವರು ಆ ದೇಶದ ಕಂಪನಿಯದೇ ಸಿಮ್ ಕೊಳ್ಳಬೇಕು. ಎಷ್ಟೋ ದೇಶಗಳಲ್ಲಿ ಅದಕ್ಕೆ ಪಾಸ್‌ಪೋರ್ಟ್ ತೋರಿಸಿ ನೋಂದಾಯಿಸಬೇಕಾಗುತ್ತದೆ.

ಇಳಿಸಿಕೊಳ್ಳುವ ಕ್ರಮ

ಅವಧಿ ಯಾವಾಗಿನಿಂದ ಎಣಿಕೆಯಾಗುತ್ತದೆ ಎಂದು ಮೊದಲು ನೋಡಿ. ಕೆಲವು ಪ್ಲಾನ್‌ಗಳ ದಿನಗಳು ಆ ದೇಶದ ನೆಟ್‌ವರ್ಕ್ ಮೊದಲ ಸಲ ಹಿಡಿದ ಕ್ಷಣದಿಂದ ಶುರುವಾಗುತ್ತವೆ, ಕೆಲವು ಫೋನಿಗೆ ಇಳಿಸಿಕೊಂಡ ಕೂಡಲೇ. ಮೊದಲ ಬಗೆಯದಾದರೆ ಒಂದೆರಡು ದಿನ ಮುಂಚೆಯೇ ಇಳಿಸಿಕೊಳ್ಳಿ. ಎರಡನೆಯ ಬಗೆಯದಾದರೆ ಹೊರಡುವ ದಿನ ಸಾಕು. ಎರಡರಲ್ಲೂ ವೈಫೈ ಬೇಕು. ಇ-ಸಿಮ್ ಇಳಿಸಲು ನೆಟ್ ಬೇಕು, ನೆಟ್ ಬರಲು ಇ-ಸಿಮ್ ಬೇಕು ಎಂಬ ಇಕ್ಕಟ್ಟಿಗೆ ಸಿಲುಕುವವರು ಈ ಕೆಲಸವನ್ನು ಅಲ್ಲಿನ ವಿಮಾನ ನಿಲ್ದಾಣಕ್ಕೆ ಬಿಟ್ಟವರು.

ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ಮೊಬೈಲ್ ವಿಭಾಗಕ್ಕೆ ಹೋಗಿ ‘ಆ್ಯಡ್ ಇ-ಸಿಮ್’ ಒತ್ತಬೇಕು. ಸ್ಯಾಮ್‌ಸಂಗ್‌ನಲ್ಲಿ ಕನೆಕ್ಷನ್ಸ್, ಸಿಮ್ ಮ್ಯಾನೇಜರ್ ದಾರಿಯಲ್ಲಿ ಅದು ಸಿಗುತ್ತದೆ. ಉಳಿದ ಆಂಡ್ರಾಯ್ಡ್‌ಗಳಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಸಿಮ್ ಭಾಗದಲ್ಲಿ ಹುಡುಕಿ. ಕ್ಯೂಆರ್ ಕೋಡ್ ಬಂದಿರುವುದು ಅದೇ ಫೋನಿನ ಇ-ಮೇಲ್‌ಗೆ, ಸ್ಕ್ಯಾನ್ ಮಾಡಬೇಕಾದದ್ದೂ ಅದೇ ಫೋನಿನಿಂದ. ಹಾಗಾಗಿ ಕೋಡನ್ನು ಮನೆಯ ಇನ್ನೊಂದು ಫೋನಿನಲ್ಲೋ ಕಂಪ್ಯೂಟರ್‌ನಲ್ಲೋ ತೆರೆದು ಸ್ಕ್ಯಾನ್ ಮಾಡಿ. ಐಒಎಸ್ 17.4ರಿಂದ ಈಚೆಗೆ ಐಫೋನ್‌ನಲ್ಲಿ ಕೋಡಿನ ಮೇಲೆ ಬೆರಳು ಒತ್ತಿ ಹಿಡಿದರೂ ನಡೆಯುತ್ತದೆ. ಯಾವುದೂ ಆಗದಿದ್ದರೆ ಇ-ಮೇಲ್‌ನಲ್ಲೇ ಕೊಟ್ಟಿರುವ ವಿಳಾಸ ಮತ್ತು ಆ್ಯಕ್ಟಿವೇಷನ್ ಕೋಡನ್ನು ಕೈಯಾರೆ ತುಂಬಬಹುದು. ಈ ಕೋಡ್ ಸಾಮಾನ್ಯವಾಗಿ ಒಂದೇ ಸಲ ಬಳಕೆಯಾಗುವಂಥದ್ದು. ಯಾರಿಗೂ ಕಳಿಸಬೇಡಿ, ಇಳಿಸಿಕೊಂಡ ಪ್ರೊಫೈಲನ್ನು ‘ಸರಿಯಾಗಿಲ್ಲ’ ಎಂದು ಡಿಲೀಟ್ ಮಾಡಲೂ ಬೇಡಿ. ಮತ್ತೆ ಅದೇ ಕೋಡ್ ಸ್ಕ್ಯಾನ್ ಮಾಡಿದರೆ ಬಹುತೇಕ ಸಲ ಅದು ಬರುವುದಿಲ್ಲ.

ಪ್ರೊಫೈಲ್ ಇಳಿದ ಬೆನ್ನಿಗೆ ಫೋನ್ ಸಾಲುಸಾಲು ಪ್ರಶ್ನೆ ಕೇಳುತ್ತದೆ. ಅವಸರದಲ್ಲಿ ‘ಕಂಟಿನ್ಯೂ’ ಒತ್ತುತ್ತ ಹೋಗಬಾರದ ಜಾಗ ಇದು. ಮೊದಲು ಹೆಸರು ಕೇಳುತ್ತದೆ. ‘ಸೆಕೆಂಡರಿ’ ಎಂದು ಬಿಡದೆ ‘ಪ್ರವಾಸ’ ಎಂದೇ ಕೊಡಿ, ಆಮೇಲೆ ಸೆಟ್ಟಿಂಗ್ಸ್‌ನ ಸಿಮ್ ಪಟ್ಟಿಯಲ್ಲಿ ಯಾವ ಸಾಲು ಯಾವ ಸಿಮ್‌ನದ್ದು ಎಂಬ ಗೊಂದಲ ಇರುವುದಿಲ್ಲ. ಕರೆ ಮತ್ತು ಎಸ್‌ಎಂಎಸ್‌ಗೆ ಯಾವ ಸಿಮ್ ಎಂದಾಗ ಊರಿನ ಸಿಮ್ ಆರಿಸಿ. ಡೇಟಾಗೆ ಯಾವುದು ಎಂದಾಗಲೂ ಸದ್ಯಕ್ಕೆ ಊರಿನದೇ ಇರಲಿ, ಇನ್ನೂ ಹೊರಟಿಲ್ಲವಲ್ಲ. ಪ್ರವಾಸದ ಸಾಲನ್ನು ವಿಮಾನ ಇಳಿಯುವವರೆಗೆ ಆಫ್ ಮಾಡಿಡಿ.

ಈಗ ಊರಿನ ಸಿಮ್‌ನ ಸಾಲು ತೆರೆದು ‘ಡೇಟಾ ರೋಮಿಂಗ್’ ಆಫ್ ಆಗಿದೆಯೇ ನೋಡಿ. ಒಂದು ಸಿಮ್‌ಗೆ ಸಿಗ್ನಲ್ ಕಡಿಮೆಯಾದಾಗ ಡೇಟಾ ತಾನಾಗಿ ಇನ್ನೊಂದಕ್ಕೆ ಹೊರಳುವ ಸ್ವಿಚ್ ಕೂಡ ಇರುತ್ತದೆ. ಅದನ್ನೂ ಆಫ್ ಮಾಡಿ. ಬಿಲ್ ತಡೆಯುವ ಕೆಲಸ ಮಾಡುವುದು ಈ ಎರಡು ಸ್ವಿಚ್‌ಗಳು.

ವಿಮಾನ ಇಳಿದ ಮೇಲೆ

ಏರೋಪ್ಲೇನ್ ಮೋಡ್ ತೆಗೆಯಿರಿ. ಪ್ರವಾಸದ ಸಾಲನ್ನು ಆನ್ ಮಾಡಿ, ಮೊಬೈಲ್ ಡೇಟಾವನ್ನು ಅದಕ್ಕೆ ಬದಲಿಸಿ. ಇನ್ನೊಂದು ಬಾಕಿ ಇದೆ. ಪ್ರವಾಸದ ಸಿಮ್‌ಗೆ ಡೇಟಾ ರೋಮಿಂಗ್ ಆನ್ ಇರಲೇಬೇಕು. ರೋಮಿಂಗ್ ಎಂಬ ಪದ ಕಂಡರೇ ಹೆದರುವವರು ಇದನ್ನೂ ಆಫ್ ಮಾಡಿ ಕೂರುತ್ತಾರೆ, ಸಿಗ್ನಲ್ ಪೂರ್ತಿ ಇದ್ದರೂ ನೆಟ್ ಬರುವುದಿಲ್ಲ. ಪ್ರವಾಸದ ಇ-ಸಿಮ್ ಮಾರುವ ಬಹುತೇಕ ಕಂಪನಿಗಳಿಗೆ ಅಲ್ಲಿ ಸ್ವಂತ ಟವರ್ ಇರುವುದಿಲ್ಲ. ಮೂರನೇ ಯಾವುದೋ ದೇಶದ ಕಂಪನಿಯ ಪ್ರೊಫೈಲ್ ಅದು, ಸ್ಥಳೀಯ ಟವರ್‌ಗೆ ಅತಿಥಿಯಾಗಿಯೇ ಸೇರುತ್ತದೆ. ಅದರ ಖರ್ಚು ನೀವು ಕಟ್ಟಿದ ಹಣದಲ್ಲೇ ಸೇರಿದೆ, ಭಯ ಬೇಡ.

ಆದರೂ ನೆಟ್ ಬರದಿದ್ದರೆ ಐದು ನಿಮಿಷ ಕಾಯಿರಿ. ಏರೋಪ್ಲೇನ್ ಮೋಡ್ ಒಮ್ಮೆ ಹಾಕಿ ತೆಗೆಯಿರಿ. ಆಮೇಲೆ ನೆಟ್‌ವರ್ಕ್ ಆಯ್ಕೆಯನ್ನು ‘ಆಟೊಮ್ಯಾಟಿಕ್’ನಿಂದ ತಪ್ಪಿಸಿ, ಪ್ಲಾನ್‌ನಲ್ಲಿ ಹೆಸರಿಸಿದ ಸ್ಥಳೀಯ ಕಂಪನಿಯನ್ನು ಕೈಯಾರೆ ಆರಿಸಿ. ಕೊನೆಯದು ಎಪಿಎನ್, ಅಂದರೆ ಡೇಟಾ ಯಾವ ಬಾಗಿಲಿನಿಂದ ಇಂಟರ್‌ನೆಟ್ ಸೇರಬೇಕು ಎಂದು ಫೋನಿಗೆ ತಿಳಿಸುವ ಹೆಸರು. ಕಂಪನಿ ಕೊಟ್ಟ ಇ-ಮೇಲ್‌ನಲ್ಲಿ ಒಂದು ಚಿಕ್ಕ ಪದ ಇರುತ್ತದೆ, ಅದನ್ನು ಡೇಟಾ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ಎಪಿಎನ್ ಜಾಗದಲ್ಲಿ ಅಕ್ಷರ ತಪ್ಪದೆ ತುಂಬಿ ಫೋನ್ ರೀಸ್ಟಾರ್ಟ್ ಮಾಡಿ. ಆ ಇ-ಮೇಲ್‌ನ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಟ್ಟುಕೊಂಡಿರಬೇಕು. ನೆಟ್ ಇಲ್ಲದಾಗ ಇ-ಮೇಲ್ ತೆರೆಯುವುದು ಹೇಗೆ?

ಓಟಿಪಿ, ವಾಟ್ಸ್‌ಆ್ಯಪ್

ಊರಿನ ಸಿಮ್ ಆನ್ ಇದ್ದು ಡೇಟಾ ರೋಮಿಂಗ್ ಮಾತ್ರ ಆಫ್ ಇದ್ದರೆ ಎಸ್‌ಎಂಎಸ್ ಬರುತ್ತದೆ. ಆದರೆ ಆ ನಂಬರ್‌ಗೆ ಅಂತರರಾಷ್ಟ್ರೀಯ ರೋಮಿಂಗ್ ಸೌಲಭ್ಯವನ್ನು ಕಂಪನಿ ಚಾಲೂ ಮಾಡಿರಬೇಕು. ಹೊರಡುವ ಮುನ್ನ ಕೇಳಿ ಖಚಿತಪಡಿಸಿಕೊಳ್ಳಬೇಕಾದ ಪ್ರಶ್ನೆ ಎರಡು: ನನ್ನ ನಂಬರ್ ಆ ದೇಶದಲ್ಲಿ ನೆಟ್‌ವರ್ಕ್ ಹಿಡಿಯುತ್ತದೆಯೇ, ಬರುವ ಎಸ್‌ಎಂಎಸ್‌ಗೆ ದುಡ್ಡು ಹಿಡಿಯುತ್ತೀರಾ? ಬರುವ ಕರೆ ಎತ್ತಿದರೆ ಮಾತ್ರ ನಿಮಿಷದ ಲೆಕ್ಕದಲ್ಲಿ ಶುಲ್ಕ ಬೀಳುವ ಸಂಭವ ಹೆಚ್ಚು. ಆದ್ದರಿಂದ ವಾಟ್ಸ್‌ಆ್ಯಪ್‌ನಲ್ಲೇ ಕರೆ ಮಾಡಿ ಎಂದು ಹತ್ತಿರದವರಿಗೆ ಹೇಳಿಡಿ. ವಾಟ್ಸ್‌ಆ್ಯಪ್ ಎಂದಿನಂತೆ ಊರಿನ ನಂಬರ್‌ನಲ್ಲೇ ಪ್ರವಾಸದ ಡೇಟಾ ಬಳಸಿ ನಡೆಯುತ್ತದೆ. ಹೊಸ ಸಿಮ್ ಕಂಡು ನಂಬರ್ ಬದಲಿಸುವಿರಾ ಎಂದು ಕೇಳಿದರೆ ಬೇಡ ಎನ್ನಿ.

ಹಣದ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ನಿಮ್ಮ ಡೇಟಾ, ಪ್ರೊಫೈಲ್ ಕೊಟ್ಟ ಕಂಪನಿಯ ದೇಶದ ಮೂಲಕ ಹಾದು ಹೋಗುವುದುಂಟು. ಆಗ ನೀವು ಇರುವುದೊಂದು ದೇಶ, ಜಾಲತಾಣಗಳಿಗೆ ಕಾಣುವುದು ಇನ್ನೊಂದು. ಬ್ಯಾಂಕ್ ಆ್ಯಪ್ ಅನುಮಾನಿಸಿ ತಡೆದರೆ ಕಾರಣ ಇದೇ ಇರಬಹುದು. ಹೋಟೆಲ್ ವೈಫೈನಲ್ಲಿ ಒಮ್ಮೆ ಪ್ರಯತ್ನಿಸಿ. ಇದೇ ಸುತ್ತುದಾರಿ ಚೀನಾದಲ್ಲಿ ಉಪಕಾರಕ್ಕೆ ಬರುತ್ತದೆ. ಹೊರದೇಶದ ರೋಮಿಂಗ್ ಸಿಮ್‌ನ ಡೇಟಾ ಆಚೆ ಹೋಗಿ ಇಂಟರ್‌ನೆಟ್ ಸೇರುವುದರಿಂದ ಅಲ್ಲಿ ನಿರ್ಬಂಧಿಸಿರುವ ಗೂಗಲ್, ವಾಟ್ಸ್‌ಆ್ಯಪ್ ಸಾಮಾನ್ಯವಾಗಿ ತೆರೆದುಕೊಳ್ಳುತ್ತವೆ, ಹೋಟೆಲ್ ವೈಫೈಗೆ ಹೋದೊಡನೆ ನಿಲ್ಲುತ್ತವೆ.

ಡೇಟಾ ಸೋರದಂತೆ ಫೋಟೊ ಬ್ಯಾಕಪ್ ಮತ್ತು ಆ್ಯಪ್ ಅಪ್‌ಡೇಟ್‌ಗಳನ್ನು ವೈಫೈಗೆ ಮಾತ್ರ ಸೀಮಿತಗೊಳಿಸಿ, ಹೋಗುವ ನಗರಗಳ ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಹಡಗು ಹತ್ತುವವರು ಊರಿನ ಸಿಮ್‌ನ ಸಾಲನ್ನೇ ಆಫ್ ಮಾಡುವುದು ಒಳ್ಳೆಯದು. ನಡುಸಮುದ್ರದಲ್ಲಿ ಫೋನ್ ಹಿಡಿಯುವುದು ಉಪಗ್ರಹದ ಮೂಲಕ ನಡೆಯುವ ಹಡಗಿನ ನೆಟ್‌ವರ್ಕ್ ಅನ್ನು, ಅದರ ದರ ವಿಪರೀತ.

ವಾಪಸಾದ ಮೇಲೆ ಡೇಟಾವನ್ನು ಊರಿನ ಸಿಮ್‌ಗೆ ಮರಳಿಸಿ, ಪ್ರವಾಸದ ಸಾಲನ್ನು ಆಫ್ ಮಾಡಿ. ಅದೇ ಪ್ರೊಫೈಲ್‌ಗೆ ಮತ್ತೆ ಟಾಪ್‌ಅಪ್ ಹಾಕಿಸಲು ಕಂಪನಿ ಬಿಡುವುದಾದರೆ ಫೋನಿನಲ್ಲೇ ಇರಲಿ. ಇಲ್ಲದಿದ್ದರೆ ಅವಧಿ ಮುಗಿದ ಮೇಲೆ ತೆಗೆದುಹಾಕಿ. ತೆಗೆಯುವಾಗ ಸಾಲಿನ ಹೆಸರನ್ನು ಎರಡು ಸಲ ಓದಿ. ಅಲ್ಲಿ ‘ಪ್ರವಾಸ’ ಎಂದಿದ್ದರೆ ಮಾತ್ರ ಡಿಲೀಟ್ ಒತ್ತಿ.