ಕಾದಂಬರಿಯ ಊರು ಮ್ಯಾಪ್‌ನಲ್ಲಿ ಸಿಗುತ್ತಿಲ್ವಾ? ಹೀಗೆ ಹುಡುಕಿ

ಹಳೇ ಕಾದಂಬರಿಯೊಂದರಲ್ಲಿ ‘ಹಿರೋಡೆ’ ಅಂತ ಊರು ಬಂತು ಅಂದುಕೊಳ್ಳಿ. ಫೋನಿನ ಮ್ಯಾಪ್‌ನಲ್ಲಿ ಹುಡುಕುತ್ತೀರಿ, ಸಿಗಲ್ಲ. ‘ಇದು ಲೇಖಕರು ಕಟ್ಟಿದ ಊರು’ ಎಂದು ಸುಮ್ಮನಾಗುತ್ತೀರಿ. ಇಂಥ ತೀರ್ಪು ಕೊಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಹಿರೋಡೆ ಎಲ್ಲೂ ಹೋಗಿಲ್ಲ. ಅದು ಇವತ್ತಿನ ಮಂಡ್ಯ ಜಿಲ್ಲೆಯ ಪಾಂಡವಪುರ.

ಮೊದಲು ಆ ಊರು ಬರುವ ಸಾಲುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿ. ಗಾಡಿಯಲ್ಲಿ ಎಷ್ಟು ಹೊತ್ತಿನ ದಾರಿ, ಹೊಳೆ ಯಾವ ಕಡೆ, ಸಂತೆ ಎಲ್ಲಿ, ಎಲ್ಲವೂ ಬೇಕು. ಕಥೆ ಯಾವ ಕಾಲದ್ದು ಅಂತಲೂ ಬರೆದುಕೊಳ್ಳಿ.

ಎಡವುವುದು ಇದಾದ ಮೇಲೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಹಿರೋಡೆಗೆ ಇಂಗ್ಲಿಷರು ‘ಫ್ರೆಂಚ್ ರಾಕ್ಸ್’ ಅಂದರು. ಹಾಗಾಗಿ ಗೆಜೆಟಿಯರ್ (ಊರು, ಜಿಲ್ಲೆಗಳ ವಿವರ ಇರುವ ಸರ್ಕಾರಿ ಪುಸ್ತಕ) ತೆಗೆದರೆ ಮೂರೂ ಹೆಸರಲ್ಲಿ ನೋಡಬೇಕು. ಜಿಲ್ಲೆಯೂ ಮೋಸ ಮಾಡುತ್ತದೆ. ಮಂಡ್ಯ ಜಿಲ್ಲೆ ಆಗಿದ್ದೇ 1939ರಲ್ಲಿ. ಬಿ.ಎಲ್. ರೈಸ್ ಸಾಹೇಬರ 1897ರ ಮೈಸೂರು ಗೆಜೆಟಿಯರ್‌ನಲ್ಲಿ ಮಂಡ್ಯ ಜಿಲ್ಲೆ ಹುಡುಕಿದರೆ ಸಿಗುವುದು ಹೇಗೆ? ಮೈಸೂರು ಜಿಲ್ಲೆಯಲ್ಲಿ ನೋಡಿ. ಹುಡುಕುಪಟ್ಟಿಯನ್ನು (ಇಂಡೆಕ್ಸ್) ಕಣ್ಣಲ್ಲೇ ಓದಿ. ಸ್ಕ್ಯಾನ್ ಪ್ರತಿಯಲ್ಲಿ ಹೆಸರು ಟೈಪ್ ಮಾಡಿ ಹುಡುಕುವುದು ದಂಡ. ಅರ್ಧಕ್ಕರ್ಧ ಅಕ್ಷರಗಳು ಅದಲುಬದಲಾಗಿರುತ್ತವೆ.

ಈಗ ಹಾಳೆಯ ಸಾಲುಗಳನ್ನು ಊರಿಗೆ ತಾಳೆ ಹಾಕಿ. ‘ರೈಲು ಇಳಿದು ಗಾಡಿ ಹತ್ತಿದ’ ಅಂತಿದೆಯಾ? ಪಾಂಡವಪುರದ ಸ್ಟೇಷನ್ ಇರುವುದು ಊರಿಂದ ದೂರದಲ್ಲೇ, ಗಾಡಿ ಬೇಕಾಗುತ್ತಿತ್ತು. ಸರಿಹೊಂದಿತು. ಆದರೆ ಕಥೆ 1870ರದ್ದಾದರೆ ಲೇಖಕರು ತಪ್ಪಿದ್ದಾರೆ. ಮೈಸೂರಿಗೆ ರೈಲು ಬಂದದ್ದು 1882ರಲ್ಲಿ.

ಕೆಲವು ಊರು ಜಾಗವನ್ನೇ ಬದಲಾಯಿಸಿವೆ. ಹಳೇ ಕನ್ನಂಬಾಡಿ ಕೃಷ್ಣರಾಜಸಾಗರದ ನೀರಿನಡಿ ಹೋಯಿತು. ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ. ಅದಕ್ಕೂ ಮುಂಚಿನ ಕಥೆಯ ಪಾತ್ರವನ್ನು ಹೊಸ ಕನ್ನಂಬಾಡಿಯ ಬೀದಿಯಲ್ಲಿ ಓಡಾಡಿಸಬೇಡಿ. ಜನರೇ ಇಲ್ಲದ ಊರಾದರೆ ಕಂದಾಯದವರ ಗ್ರಾಮ ನಕ್ಷೆ ನೋಡಿ. ‘ಬೇಚರಾಕ್’ ಅಂತ ಗುರುತು ಹಾಕಿ, ಹೆಸರು ಮಾತ್ರ ಉಳಿಸಿಕೊಂಡಿರುತ್ತಾರೆ.

ಊರ ಹೆಸರಿನ ಅರ್ಥ ಹೇಳುವ ಬಸ್‌ಸ್ಟ್ಯಾಂಡ್ ಪುಸ್ತಕಗಳಿಗೆ ದುಡ್ಡು ಹಾಕಬೇಡಿ. ಅವುಗಳಲ್ಲಿ ಪ್ರತಿ ಬಂಡೆಯ ಮೇಲೂ ಭೀಮ ಊಟ ಮಾಡಿರುತ್ತಾನೆ.

ಕೊನೆಗೆ ಊರಿಗೇ ಹೋಗಿ. ಹೋದವರು ಮಾಡುವ ತಪ್ಪು ಒಂದೇ, ‘ಅಜ್ಜಾ, ಕಾದಂಬರಿಯಲ್ಲಿ ಬರೋದು ಇದೇ ಊರು ಅಲ್ವಾ?’ ಅಂತ ಕೇಳುವುದು. ದೂರದಿಂದ ಬಂದವರಿಗೆ ಇಲ್ಲ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. ಕಾದಂಬರಿಯ ಸುದ್ದಿಯನ್ನೇ ಎತ್ತಬೇಡಿ. ‘ನಿಮ್ಮಜ್ಜ ಸಂತೆಗೆ ಯಾವ ಊರಿಗೆ ಹೋಗ್ತಿದ್ರು?’ ಅಂತ ಕೇಳಿ, ಉತ್ತರವನ್ನು ಹಾಳೆಯ ಜೊತೆ ಹೋಲಿಸಿ.