ಹಿಮ್ಮಡಿಯ ಹುಣ್ಣಿಗೆ ಹುಳು ಕಟ್ಟಿದ ಅನುಭವ

ಹಾಸನದಲ್ಲಿ ನರ್ಸಿಂಗ್ ಓದುವಾಗ ನಾನು ಕಲಿತದ್ದು, ಗಾಯಕ್ಕೆ ಬಿದ್ದ ಹುಳುಗಳನ್ನು ಟರ್ಪೆಂಟೈನ್ ಹಾಕಿ ಹೊರತೆಗೆಯುವುದನ್ನು. ಆದ್ದರಿಂದ ವೇಲ್ಸ್‌ನ ಮಧುಮೇಹ ಪಾದ ಚಿಕಿತ್ಸಾಲಯವೊಂದರಲ್ಲಿ, ಬೇಕೆಂದೇ ಗಾಯದೊಳಗೆ ಹುಳು ಬಿಡುವ ಕೆಲಸ ನನ್ನ ಪಾಲಿಗೆ ಬಂದಾಗ ಒಂದು ಗಳಿಗೆ ಕೈ ತಡೆಯಿತು.

ರೋಗಿಯ ಹಿಮ್ಮಡಿಯ ಹುಣ್ಣಿನ ತಳದಲ್ಲಿ ಬೂದು ಮಿಶ್ರಿತ ಹಳದಿ ಬಣ್ಣದ ಕೊಳೆತ ಪದರ ಅಂಟಿಕೊಂಡಿತ್ತು. ಅವರ ಹೃದಯ ದುರ್ಬಲವಾಗಿದ್ದುದರಿಂದ ಅದನ್ನು ಕೆತ್ತಿ ತೆಗೆಯಲು ಶಸ್ತ್ರಚಿಕಿತ್ಸಕರು ಒಪ್ಪಲಿಲ್ಲ. ನಾವು ಮೊದಲು ನೋಡಿದ್ದು ರಕ್ತದ ಹರಿವನ್ನು. ಸಕ್ಕರೆ ಕಾಯಿಲೆಯಲ್ಲಿ ರಕ್ತನಾಳಗಳು ಗಡುಸಾಗಿ, ಕಣಕಾಲಿನಲ್ಲಿ ಅಳೆದ ಒತ್ತಡ ಸುಳ್ಳು ಭರವಸೆ ಕೊಡುವುದುಂಟು. ಹಾಗಾಗಿ ಕಾಲಿನ ಹೆಬ್ಬೆರಳಿನಲ್ಲೇ ಅಳೆದೆವು. ರಕ್ತ ತಲುಪದ ಪಾದಕ್ಕೆ ಹುಳು ಕಟ್ಟಿ ಪ್ರಯೋಜನವಿಲ್ಲ.

ಬಳಸುವುದು ಲೂಸಿಲಿಯಾ ಸೆರಿಕಾಟಾ ಎಂಬ ಹಸಿರು ನೊಣದ ಮರಿಹುಳುಗಳನ್ನು. ಅವು ಕಿಣ್ವಗಳನ್ನು ಸ್ರವಿಸಿ, ಸತ್ತ ಅಂಗಾಂಶವನ್ನು ಕರಗಿಸಿ ಹೀರುತ್ತವೆ. ಇವುಗಳನ್ನು ಮೊಟ್ಟೆಯ ಹಂತದಲ್ಲೇ ಕ್ರಿಮಿಶುದ್ಧಗೊಳಿಸಿ ಬೆಳೆಸುತ್ತಾರೆ. ಸುಮಾರು ನೂರು ವರ್ಷಗಳ ಹಿಂದೆ ಅಮೆರಿಕದ ಬಾಲ್ಟಿಮೋರಿನಲ್ಲಿ, ಗಾಯಗಳಿಗೆ ಹುಳು ಬಿಟ್ಟು ಚಿಕಿತ್ಸೆ ಮಾಡುತ್ತಿದ್ದ ಮೂಳೆ ಶಸ್ತ್ರಚಿಕಿತ್ಸಕ ವಿಲಿಯಂ ಬೇರ್ ಅವರ ಕೆಲವು ರೋಗಿಗಳಿಗೆ ಧನುರ್ವಾಯು ತಗುಲಿದ ಮೇಲೆ ಕಲಿತ ಪಾಠವಿದು. ನಮ್ಮ ಊರುಗಳಲ್ಲಿ ಗಾಯಕ್ಕೆ ತಾವಾಗಿ ಬೀಳುವ ಹುಳುಗಳನ್ನು ಇದೇ ಚಿಕಿತ್ಸೆಯೆಂದು ದಯವಿಟ್ಟು ಭಾವಿಸಬೇಡಿ: ಅವುಗಳಲ್ಲಿ ಕ್ರೈಸೋಮಿಯಾ ಬೆಝಿಯಾನಾ ಎಂಬ ಜಾತಿ ಜೀವಂತ ಮಾಂಸವನ್ನೇ ತಿನ್ನುತ್ತದೆ.

ಮೊದಲ ಸಲ ಚದರ ಸೆಂಟಿಮೀಟರಿಗೆ ಎಂಟರಂತೆ ಹುಳುಗಳನ್ನು ಬಿಟ್ಟು, ಸುತ್ತಲಿನ ಚರ್ಮಕ್ಕೆ ರಕ್ಷಣಾಪಟ್ಟಿ ಅಂಟಿಸಿ, ಮೇಲೆ ನೈಲಾನ್ ಬಲೆ ಹೊದಿಸಿದೆ. ಆ ರಾತ್ರಿ ರೋಗಿ ಹಿಮ್ಮಡಿ ಊರಿಯೇ ಶೌಚಾಲಯಕ್ಕೆ ನಡೆದರು. ಬೆಳಿಗ್ಗೆ ಬಿಚ್ಚಿದಾಗ ಅರ್ಧದಷ್ಟು ಹುಳುಗಳು ಜಜ್ಜಿಹೋಗಿದ್ದವು. ಪಾದಕ್ಕೆ ಸ್ಪರ್ಶಜ್ಞಾನವೇ ಇಲ್ಲದ ಅವರಿಗೆ ಏನೂ ತಿಳಿದಿರಲಿಲ್ಲ. ಭಾರ ಬೀಳದಂತೆ ಏರ್ಪಾಡು ಮಾಡದೆ ಬಿಟ್ಟ ತಪ್ಪು ನನ್ನದು.

ಮುಂದಿನ ಸಲ ಹುಳುಗಳನ್ನು ಬಲೆಯ ಚೀಲದಲ್ಲಿಟ್ಟು ಕಟ್ಟಿ, ಹಿಮ್ಮಡಿಯನ್ನು ಎತ್ತಿ ಹಿಡಿಯುವ ಬೂಟು ತೊಡಿಸಿದೆವು. ಹುಳುಗಳಿಗೆ ಗಾಳಿಯೂ ತೇವವೂ ಬೇಕಾದ್ದರಿಂದ ದಿನವೂ ತೆಳು ಗಾಜ್ ಬಟ್ಟೆಯನ್ನು ಸಲೈನಿನಲ್ಲಿ ನೆನೆಸಿ ಇಟ್ಟು, ಕಂದು ದ್ರವದಿಂದ ತೊಯ್ದ ಹೊರಪಟ್ಟಿಯನ್ನು ಬದಲಿಸಿದೆ. ಈ ದ್ರವದ ಬಗ್ಗೆ, ಅದರ ವಾಸನೆಯ ಬಗ್ಗೆ ರೋಗಿಗೂ ಮನೆಯವರಿಗೂ ಮೊದಲೇ ಹೇಳಬೇಕು, ಇಲ್ಲದಿದ್ದರೆ ಗಾಬರಿಯಾಗುತ್ತಾರೆ. ನಾಲ್ಕನೆಯ ದಿನ ಚೀಲ ತೆಗೆದಾಗ, ಅಕ್ಕಿಯ ನುಚ್ಚಿನಷ್ಟಿದ್ದ ಹುಳುಗಳು ಸೆಂಟಿಮೀಟರಿನಷ್ಟು ಉದ್ದಕ್ಕೆ ಕೊಬ್ಬಿದ್ದವು. ಹುಣ್ಣಿನ ತಳದ ಬಹುಭಾಗ ದಾಳಿಂಬೆ ಕಾಳಿನಂತೆ ಕೆಂಪಾಗಿ ಕಾಣಿಸಿತು.

ಇನ್ನೊಂದು ಸುತ್ತಿಗೆ ಹುಳುಗಳ ಕೆಲಸ ಮುಗಿಯಿತು. ಹುಣ್ಣು ಮುಚ್ಚಲು ಮತ್ತೆ ಐದು ತಿಂಗಳು ಹಿಡಿಯಿತು. ಅಷ್ಟೂ ದಿನ ಆ ಬೂಟು ಅವರ ಕಾಲಿನಲ್ಲೇ ಇತ್ತು.